ನೆತ್ತಿಯ ಕೊನೆ ಹೆಂಚು

ಒಂದು ನಿಮಿಷ ಕೂತ್ಕೊಳ್ಳಿ, ಇದನ್ನು ಪೂರ್ತಿ ಕೇಳಿ. ಆಮೇಲೆ ಬೇಕಿದ್ದರೆ ನನ್ನನ್ನೇ ಬೈಯಿರಿ.

ಈ ಅರವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಕಟ್ಟೆಮಳಲವಾಡಿಯ ನಮ್ಮ ಹುಲ್ಲುಮನೆಗೆ ಹೆಂಚು ಬಂತು. ಅಪ್ಪ ಮಹದೇವಪ್ಪ ಕಾಲು ಉಳುಕಿಸಿಕೊಂಡು ಹೊಂಗೆ ಮರದ ಕೆಳಗೆ ಕೂತುಬಿಟ್ಟರು. ಕೆಲಸದವರನ್ನು ನೋಡಿಕೊಳ್ಳುವುದು ಮಗಳು ಪುಟ್ಟಲಕ್ಷ್ಮಿಯ, ಅಂದರೆ ನನ್ನ, ಪಾಲಿಗೆ ಬಂತು. ಮೇಲೆ ಹೆಂಚು ಹೊದಿಸಲು ಪಿರಿಯಾಪಟ್ಟಣದ ಅಂಕಯ್ಯ. ಕೆಳಗೆ ಪಕ್ಕದ ಗೋಡೆಗಳಿಗೆ ಬಿದಿರ ತಟ್ಟಿ ಕಟ್ಟಲು ವೀರನಹೊಸಹಳ್ಳಿ ಹಾಡಿಯ ಚೆನ್ನಿ.

ಅಂಕಯ್ಯ ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ. ಆ ಗುಳಿ ನನಗೇ ಅಂತ ಅಂದುಕೊಂಡಿದ್ದೆ. ಚೆನ್ನಿ ಬಂದಳಲ್ಲ!

ಅವಳು ಪಡುವಣ ಗೋಡೆಗೆ ಕೂತರೆ ಇವನು ಪಡುವಣ ಇಳಿಜಾರಿನಲ್ಲಿ. ಮೇಲಿಂದ ಏನೋ ಪಿಸುಮಾತು, ಕೆಳಗಿಂದ ಕಿಸಕ್ಕನೆ ನಗು. ನನಗೆ ತಡೆಯಲಾಗಲಿಲ್ಲ. ಚೆನ್ನಿಯನ್ನು ಮೂಡಣ ಗೋಡೆಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನೂ ಮೂಡಣಕ್ಕೆ!

"ಅಂಕಯ್ಯನೋರೇ, ಒಂದು ಕಡೆ ಮುಗ್ಸಿ ಆಮೇಲೆ ಇನ್ನೊಂದು ಕಡೆ ಹೋಗಕ್ಕಾಗಲ್ವ? ಕಪ್ಪೆ ತರ ಏನ್ ನೆಗೆದಾಟ?"

"ಒಂದೇ ಕಡೆ ಹೆಂಚು ಹೇರಿದ್ರೆ ಸೂರು ವಾಲ್ತದೆ ಕಣ್ರೀ. ಈ ಕಡೆ ನಾಕು ಸಾಲು, ಆ ಕಡೆ ನಾಕು ಸಾಲು. ಎರಡೂ ಕಡೆ ಭಾರ ಸಮ ಇರ್ಬೇಕು."

"ಭಾರಕ್ಕೋ, ಬಿದಿರು ಕಟ್ಟೋ ಕೈ ನೋಡಕ್ಕೋ?"

ಗುಳಿ ಮೂಡಿತು. "ಅದೇನ್ರೀ ಇವತ್ತು, ಮೂಗು ಹೆಂಚಿಗಿಂತ ಕೆಂಪಗದೆ?"

ಸೂರಿನ ನೆತ್ತಿಯ ಮೇಲೆ ಕೊನೆಯ ಹೆಂಚು ಕೂತರೆ ಅವನು ಹಾರನಹಳ್ಳಿಯ ಕೆಲಸಕ್ಕೆ ಹೊರಡುತ್ತಾನೆ. ಚೆನ್ನಿಯೂ ಅಲ್ಲಿಗೇ ತಟ್ಟಿ ಕಟ್ಟಲು ಹೋಗುತ್ತಾಳಂತೆ. ಇಬ್ಬರೂ ಒಂದೇ ಬಸ್ಸಿಗೆ! ಕೇಳಿದ್ದೇ ತಡ, ಆ ಹೆಂಚನ್ನು ಹುಲ್ಲಿನ ಬಣವೆಯೊಳಗೆ ತುರುಕಿದೆ.

ಸಂಜೆ ಅವನು ಮೇಲಿಂದ ಕೂಗಿದ. "ನೆತ್ತಿಗೆ ಒಂದು ಹೆಂಚು ಕಮ್ಮಿ ಬಂತಲ್ಲ! ಯಾರಾದ್ರೂ ನೋಡಿದ್ರಾ?"

ಚೆನ್ನಿ ನನ್ನ ಸೆರಗಿಗೆ ಅಂಟಿದ್ದ ಹುಲ್ಲನ್ನು ಬಿಡಿಸಿದಳು. "ಅಕ್ಕ, ಆ ಅಣ್ಣ ನನ್ ಕೇಳೋದು ಒಂದೇ. ಪುಟ್ಟಲಕ್ಷ್ಮಿ ಎಲ್ಲವ್ಳೆ, ಈ ಕಡೆ ನೋಡಿದ್ಲಾ ಅಂತ. ಕೇಳಿ ಕೇಳಿ ನನ್ ಕಿವಿ ತೂತಾಗದೆ. ಕೊಟ್ಬುಡು ಅತ್ಲಾಗೆ."

ಹೆಂಚನ್ನು ಎದೆಗವಚಿಕೊಂಡು ಏಣಿ ಹತ್ತಿದೆ. ಅವನು ಕೈ ಚಾಚಿದ. ನಾನು ಬಿಡಲಿಲ್ಲ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

"ಇದ ಮಡಗಿದ್ಮೇಲೆ ಹೊಂಟೋಯ್ತೀರಾ?"

"ಭಾರ ಎಲ್ಲಾ ನನ್ ಕಡೆನೇ ಅದೆ ಕಣ್ರೀ, ವಾಲ್ತಾ ಇವ್ನಿ," ಅಂದ ಮೆಲ್ಲಗೆ. "ನಿಮ್ ಕಡೆಯಿಂದ ಒಂದು ಮಾತು ಬಂದ್ರೆ, ನಾಳೆನೇ ನಮ್ಮವ್ವನ್ನ ಕರ್ಕೊಂಡು ಬತ್ತೀನಿ."

ಹೊಂಗೆ ಮರದ ಕೆಳಗಿಂದ ಅಪ್ಪ ಕೂಗಿದರು: "ಏನವ್ವಾ, ಸಿಕ್ತಾ?"

"ಸಿಕ್ತು ಕಣಪ್ಪಾ! ಇನ್ನು ಬುಡಲ್ಲ ನಾನು!" ಅಂತ ಇಡೀ ಬೀದಿಗೆ ಕೇಳುವಂತೆ ಅಂದುಬಿಟ್ಟೆ.

ಆ ಗುಳಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಲ್ಲ ಸರಿ. ಆದರೂ ನಾಡಿದ್ದು ಅವನನ್ನು ಹಾರನಹಳ್ಳಿಗೆ ಚೆನ್ನಿಯ ಜೊತೆ ಒಂದೇ ಬಸ್ಸಿನಲ್ಲಿ ಕಳಿಸೋದಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?