ಒಂದನೇ ನಂಬರಿನ ಉಸಿರುಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಏಳಕ್ಕೆ ಇಳಕಲ್ಲಿನ ಇನ್ನೂರ ಹದಿನಾಲ್ಕು ಉಸಿರುಪೆಟ್ಟಿಗೆಗಳು ತಂತ್ರಾಂಶದ ಹೊಸ ಆವೃತ್ತಿಯನ್ನು ಇಳಿಸಿಕೊಂಡವು. ಕಲ್ಲುಗಣಿಯ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾದವರ ಎದೆಗೆ ಕಟ್ಟುವ, ನಿಮಿಷಕ್ಕೆ ಹದಿನಾರು ಸಲ ಗಾಳಿ ಊದುವ ಯಂತ್ರ ಅದು. ಕಂಡುಹಿಡಿದವರು ಡಾಕ್ಟರ್ ಇಂದುಮತಿ. ಪೆಟ್ಟಿಗೆಗಳು ಹತ್ತು ಬಗೆಯವು. ಎಲ್ಲವೂ ಒಂದೇ ಲಯದಲ್ಲಿ ದುಡಿಯಬೇಕೆಂದರೆ ಒಳಗೆ ಒಂದೇ ಕಾರ್ಯವ್ಯವಸ್ಥೆ ಇರಬೇಕಲ್ಲ? ಲಿನಕ್ಸಿನಿಂದ ಬೇಡದ್ದನ್ನು ಕಿತ್ತು, ಬೇಕಾದ್ದನ್ನು ಹೊಲಿದು ಅದನ್ನು ಕಟ್ಟಿದವನು ರಾಜೇಸಾಬ. ಮೊದಲು ಮೋಟಾರ್ ವೈಂಡಿಂಗ್ ಮಾಡುತ್ತಿದ್ದವನು, ಬಿಚ್ಚಿ ಬಿಚ್ಚಿಯೇ ಕಲಿತವನು. ವ್ಯವಸ್ಥೆಗೆ 'ತವರು' ಎಂದು ಹೆಸರಿಟ್ಟಿದ್ದ. ಪೆಟ್ಟಿಗೆಗಳು ವಾರಕ್ಕೊಮ್ಮೆ ಬಂದು ಉಡಿ ತುಂಬಿಸಿಕೊಂಡು ಹೋಗುತ್ತವೆ, ಅದಕ್ಕೆ.

ಪರೀಕ್ಷೆಯ ಯಂತ್ರ ಸುಟ್ಟುಹೋಗಿದ್ದರಿಂದ ಈ ಸಲದ ಆವೃತ್ತಿಯನ್ನು ಅವನು ತನ್ನ ಮೇಜಿನ ಮೇಲಿದ್ದ ಒಂದನೇ ನಂಬರಿನ ಪೆಟ್ಟಿಗೆಯಲ್ಲಿ ಕಟ್ಟಿದ್ದ. ಅದು ಅವನ ತಾಯಿ ಹಾಜರಾಬಿಯದು. ಆಕೆ ತೀರಿಕೊಂಡು ಮೂರು ತಿಂಗಳಾಗಿತ್ತು. ಎರಡು ದಿನ ಓಡಿಸಿ ನೋಡಿದ್ದ. ಒಂದು ತಪ್ಪೂ ಕಂಡಿರಲಿಲ್ಲ.

ಏಳೂ ಕಾಲಿಗೆ ಇಂದುಮತಿ ಫೋನ್ ಮಾಡಿದರು. ಪರದೆಯಲ್ಲಿ ನೋಡಿದರೆ ಊರಿನ ಪೆಟ್ಟಿಗೆಗಳು ನಡುನಡುವೆ ನಿಲ್ಲುತ್ತಿವೆ, ಒಮ್ಮೆ ಮೂರು ಸೆಕೆಂಡು, ಒಮ್ಮೆ ಆರು ಎಂದರು. ಒಂದನೇ ಪೆಟ್ಟಿಗೆಯಲ್ಲಿ ರಾಜೇಸಾಬ ಅವ್ವನಿಗೆಂದು ಆಗಾಗ ಬರೆದು ಹಾಕಿದ್ದ ತೇಪೆಗಳು ಹೊಸ ಆವೃತ್ತಿಯ ಒಳಗೇ ಉಳಿದಿದ್ದವು. ಯಾವುದು ಏನು ಮಾಡುತ್ತದೆಂದು ಅವನು ಎಲ್ಲೂ ಬರೆದಿಟ್ಟಿರಲಿಲ್ಲ.

"ಹಿಂದಿನ ಆವೃತ್ತಿಗೆ ಮರಳಿಸಿ" ಎಂದರು ಡಾಕ್ಟರು.

"ಮುಂದ ಹೋಗೂವಾಗ ಪೆಟ್ಟಿಗಿ ನಿಲ್ಲಂಗಿಲ್ರಿ ಮೇಡಂ. ಹಿಂದ ಬರೂವಾಗ ಎರಡು ನಿಮಿಷ ಬಂದ್ ಆಗ್ತಾವ. ನಮ್ಮ ಓಣಿ ಮಹಾಂತಮ್ಮ ಎರಡು ನಿಮಿಷ ತಡೀತಾಳೇನ್ರಿ?"

ಡಾಕ್ಟರನ್ನು ಕಾಯಲು ಹೇಳಿ, ರಾಜೇಸಾಬ ಇನ್ನೊಂದು ಫೋನಿನಿಂದ ಮಹಾಂತಮ್ಮನ ಮನೆಗೆ ಕರೆ ಮಾಡಿದ. ಸೊಸೆ ಎತ್ತಬೇಕಿತ್ತು. ಎತ್ತಲಿಲ್ಲ. ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಆ ಕಡೆಯಿಂದ ದನಿ ಬಂತು.

"ನಾನು ಮಹಾಂತಮ್ಮ. ಏನ್ ಮಾಡೀಯೋ ಸಾಬಾ ಪೆಟ್ಟಿಗಿಗೆ? ವರ್ಷಾತು, ಬಾಯಿ ತೆರದ್ರ ಗಾಳಿ ನುಗ್ಗಿ ಮಾತ ಕಡೀತಿತ್ತು. ಈಗ ಹತ್ತು ನಿಮಿಷದಿಂದ ಸೊಸಿನ್ನ ಬೈಯಾಕತ್ತೀನಿ, ಒಂದ್ ಮಾತೂ ಕಡದಿಲ್ಲ. ಆಕಿ ನಕ್ಕೋತ ಅಳಾಕತ್ತಾಳ."

ರಾಜೇಸಾಬನಿಗೆ ಆ ತೇಪೆ ನೆನಪಾಯಿತು. ಗಂಟಲಿನ ಕಂಪನ ಅರಿತು, ಮಾತು ಮುಗಿಯುವವರೆಗೆ ಗಾಳಿಯನ್ನು ತಡೆಯುವ ನಾಲ್ಕು ಸಾಲು. ಅವ್ವನ ಕೊನೆಯ ಚಳಿಗಾಲದಲ್ಲಿ ಬರೆದದ್ದು.

ಡಾಕ್ಟರಿಗೆ ತಿಳಿಸಿದ. ಅವರು ಪರದೆಯ ಮೇಲೆ ಒಂದೊಂದೇ ನಂಬರನ್ನು ಮತ್ತೆ ನೋಡಿದರು. ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಜನ ಮಾತಾಡುತ್ತಿದ್ದರು.

"ಹಾಗಾದರೆ ರಾಜೇಸಾಬ್," ಎಂದರು ಕೊನೆಗೆ, "ಒಂದನೇ ನಂಬರಿನದು ಮಾತ್ರ ಯಾಕೆ ಒಮ್ಮೆಯೂ ನಿಂತಿಲ್ಲ?"

"ಅದು ನಮ್ಮವ್ವಂದ್ರಿ ಮೇಡಂ."

ಮೇಜಿನ ಮೇಲೆ ಪೆಟ್ಟಿಗೆ ನಿಮಿಷಕ್ಕೆ ಹದಿನಾರರಂತೆ, ಎಲ್ಲೂ ತಡೆಯದೆ, ಗಾಳಿ ಊದುತ್ತಿತ್ತು.