ಹತ್ತನೆಯ ಸಹಿ

"ನಾನು ಸಹಿ ಹಾಕಲ್ಲ," ಎಂದು ಸೈಕಲ್ ರಿಪೇರಿಯವನು ನಾಮಪತ್ರವನ್ನು ಅವಳ ಕೈಗೇ ವಾಪಸ್ ಕೊಟ್ಟ.

ಟೈಲರ್ ಹುಡುಗಿಗೆ ಮುಖಕ್ಕೆ ಹೊಡೆದಂತಾಯಿತು. ಅಂಗಡಿ ಮುಂದಿನ ತೆರೆದ ಚರಂಡಿಗೆ ಬಿದ್ದು ಅಮ್ಮ ಕಾಲು ಮುರಿದುಕೊಂಡ ಮೇಲೆ, ದೂರು ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು. ಯಾರೂ ಕೇಳದಿದ್ದರೆ ನೀವೇ ನಗರಸಭೆಗೆ ನಿಂತ್ಕೊಳ್ಳಿ ಎಂದು ಹುರಿದುಂಬಿಸಿದವನೇ ಇವನು!

ನಾಮಪತ್ರಕ್ಕೆ ವಾರ್ಡಿನ ಹತ್ತು ಮತದಾರರ ಸಹಿ ಬೇಕಿತ್ತು. ಒಂಬತ್ತು ಆಗಿತ್ತು. ಹತ್ತನೆಯ ಜಾಗವನ್ನು ಅವನಿಗೆಂದೇ ಉಳಿಸಿಕೊಂಡು ಬಂದಿದ್ದಳು.

"ಯಾಕಂದ್ರೆ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು.

'ಮಾತಿಗೆ ಮುಂದೆ, ಸಹಿಗೆ ಹಿಂದೆ... ಇಂಥವನನ್ನು ನಂಬಿದೆನಲ್ಲ!'

ಮರುದಿನ ಅವನು ಎರಡು ಸಲ ಅವಳ ಅಂಗಡಿ ಬಾಗಿಲಿಗೆ ಬಂದ. ಅವಳು ತಲೆ ಎತ್ತದೆ ಮಷೀನ್ ತುಳಿದಳು. ನಿಜ ಹೇಳಬೇಕೆಂದರೆ ಸೂಜಿಯಲ್ಲಿ ದಾರವೇ ಇರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಮೇಷ್ಟ್ರು ಅವಳು ಕರೆಯದಿದ್ದರೂ ಬಂದು ಹತ್ತನೆಯ ಸಹಿ ಹಾಕಿ ಹೋದರು.

ಪರಿಶೀಲನೆಯ ದಿನ ಅಧಿಕಾರಿ ಮತದಾರರ ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಹೆಸರು ನೋಡುತ್ತಿದ್ದರು. ಅವಳಿಗಿಂತ ಮುಂಚೆ ಬಂದಿದ್ದ ಅಭ್ಯರ್ಥಿಯ ನಾಮಪತ್ರ ಬಿದ್ದುಹೋಯಿತು. ಸಹಿ ಹಾಕಿದವರಲ್ಲಿ ಒಬ್ಬರು ಅವಳದೇ ಬೀದಿಯ ಎದುರು ಸಾಲಿನವರು.

"ಗಡಿ ರಸ್ತೆ ಮಧ್ಯದಲ್ಲೇ ಹೋಗುತ್ತೆ. ಎದುರು ಸಾಲಿನವರದು ಬೇರೆ ವಾರ್ಡು," ಎಂದರು ಅಧಿಕಾರಿ.

ಅವಳು ಇಡೀ ಬೀದಿ ಒಂದೇ ವಾರ್ಡು ಎಂದುಕೊಂಡಿದ್ದಳು. ಸೈಕಲ್ ಅಂಗಡಿ ಇರುವುದು ಎದುರು ಸಾಲಿನಲ್ಲಿ, ಅವನ ಮನೆ ಅದರ ಹಿಂದೆಯೇ!

ಅವಳ ನಾಮಪತ್ರ ಮಾತ್ರ ಊರ್ಜಿತವಾಯಿತು. ಜೊತೆಗೆ ಬಂದಿದ್ದ ಮೇಷ್ಟ್ರು ಹೊರಗೆ ನಗುತ್ತಾ ಹೇಳಿದರು. "ನನ್ನನ್ನ ಕಳಿಸಿದ್ದೇ ಆ ಸೈಕಲ್ ರಿಪೇರಿಯವನು ಕಣಮ್ಮಾ. ಪಟ್ಟಿ ನೋಡಿ ಮೊದಲೇ ತಿಳ್ಕೊಂಡಿದ್ದ. ಹೇಳೋಕೆ ಬಂದ್ರೆ ನೀನು ಮಷೀನ್ ನಿಲ್ಲಿಸಲಿಲ್ಲವಂತೆ."

ಅವಳು ನೇರವಾಗಿ ಸೈಕಲ್ ಅಂಗಡಿಗೆ ಹೋದಳು. ಅವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದ.

"ತಪ್ಪಾಯ್ತು. ಪೂರ್ತಿ ಕೇಳಬೇಕಿತ್ತು ನಾನು."

"ಈಗ ಕೇಳ್ತೀರಾ?"

ಅವನು ಕೈ ಒರೆಸಿಕೊಂಡು, ಮಡಚಿದ ಕಾಗದವೊಂದನ್ನು ತೆಗೆದ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವ ಅರ್ಜಿ ಅದು. ಹೊಸ ವಿಳಾಸದ ಸಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ತುಂಬಿತ್ತು.

"ಈ ಸಲಕ್ಕೆ ಗಡುವು ಮುಗಿದಿದೆ, ನಿಮಗೆ ಓಟು ಹಾಕೋಕಾಗಲ್ಲ. ಆದ್ರೆ ಈ ರಸ್ತೆ ದಾಟಿ ಬರಬೇಕು ಅಂತ ಎಷ್ಟೋ ದಿನದಿಂದ ಆಸೆ. ನೀವಂದ್ರೆ ನನಗೆ ಪ್ರಾಣ..."

ಅವಳ ಕಣ್ಣು ತುಂಬಿ ಬಂತು. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಖಾಲಿ ಸಾಲಿನಲ್ಲಿ ತನ್ನ ಮನೆ ನಂಬರ್ ಬರೆದಳು.

"ನಾನು ಸೋತುಬಿಟ್ರೆ?" ಎಂದಳು ಮೆಲ್ಲಗೆ.

"ವಿಳಾಸ ಅದೇ ಇರುತ್ತೆ."