ಕಾಯುವವಳ ದನಿ

"ಅಲುಗಾಡಬೇಡಿ! ನಿಮಗೆ ಗಾಯ ಆಗಿದೆ!"

ಹಾಗೆ ಕೂಗುತ್ತಲೇ ಅವನು ಅವಳನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಹಾಕಿಕೊಂಡ.

ಅವಳಿಗೆ ಯಾವ ಗಾಯವೂ ಆಗಿರಲಿಲ್ಲ. ಅಂದು ವಿಮಾನ ನಿಲ್ದಾಣದಲ್ಲಿ ಅಪಘಾತದ ಅಣಕು ತಾಲೀಮು. ರನ್‌ವೇ ತುದಿಯಲ್ಲಿ ನಿಲ್ಲಿಸಿದ್ದ ಹಳೇ ಬಸ್ಸೇ ಉರಿಯುವ ವಿಮಾನ. ಒಳಗೆ ಕೂತ ಸಿಬ್ಬಂದಿಯೇ ಪ್ರಯಾಣಿಕರು. ಪ್ರಕಟಣೆ ಹೇಳುವ ಹುಡುಗಿಯಾದ ಅವಳ ಕೊರಳಿಗೂ 'ತೀವ್ರ ಗಾಯ' ಎಂಬ ಕೆಂಪು ಚೀಟಿ ತಗುಲಿಸಿದ್ದರು.

ಎಲ್ಲರಂತೆ ಅವಳೂ ನಗುತ್ತಲೇ ಕೂತಿದ್ದಳು. ಆದರೆ ಬಸ್ಸಿನ ಪಕ್ಕದ ಡ್ರಮ್ಮಿಗೆ ಎಣ್ಣೆ ಸುರಿದು ಬೆಂಕಿ ಹಚ್ಚಿದಾಗ ಆ ಕಪ್ಪು ಹೊಗೆ... ಆ ವಾಸನೆ! ಅವಳು ಅವನ ಹೆಗಲ ಮೇಲೆಯೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಅವನು ಅವಳನ್ನು ಹುಲ್ಲಿನ ಮೇಲೆ ಇಳಿಸಿ, ಅಗ್ನಿಶಾಮಕದ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು ನಕ್ಕ.

"ಅಬ್ಬಾ, ಏನು ನಟನೆ ರೀ ನಿಮ್ದು! ನಿಜವಾದ ಕಣ್ಣೀರು!"

ಅವಳು ಎದ್ದು ನಿಂತಳು.

"ನಮ್ಮಪ್ಪನೂ ನಿಮ್ ಹಾಗೇ ಈ ಬಟ್ಟೆ ಹಾಕ್ಕೊಂಡು ಇದೇ ಜಾಗದಲ್ಲಿ ಬೆಂಕಿಗೆ ಇಳಿದ್ರು. ತಿರುಗಿ ಬರಲಿಲ್ಲ. ಇದು ನಟನೆನಾ?"

ಅವನ ನಗು ಅಲ್ಲೇ ಆರಿಹೋಯಿತು. ಅವಳು ಕೆಂಪು ಚೀಟಿಯನ್ನು ಕಿತ್ತೆಸೆದು ತಿರುಗಿ ನೋಡದೆ ನಡೆದುಬಿಟ್ಟಳು.

ಅವನು ಅಗ್ನಿಶಾಮಕ ದಳಕ್ಕೆ ಹೊಸದಾಗಿ ಬಂದವನು. ಠಾಣೆಯ ಹಿರಿಯ, ಎಲ್ಲರೂ 'ದೊಡ್ಡಣ್ಣ' ಎಂದೇ ಕರೆಯುವ ಮುಖ್ಯಸ್ಥ, ಅಂದು ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದ. ಹಳೇ ಇಂಧನ ಶೆಡ್ಡಿಗೆ ಬೆಂಕಿ ಬಿದ್ದದ್ದು, ಅವಳಪ್ಪ ಒಳಗಿದ್ದ ಇಬ್ಬರು ಕೂಲಿಗಳನ್ನು ಹೊರಗೆ ತಂದು, ಮೂರನೆಯವನಿಗಾಗಿ ಮತ್ತೆ ನುಗ್ಗಿದ್ದು... ಆಗ ಅವಳಿನ್ನೂ ಶಾಲೆಯ ಹುಡುಗಿ.

"ಇವತ್ತು ಈ ನಿಲ್ದಾಣದ ದನಿಯೇ ಅವಳು ಕಣಯ್ಯಾ. ನಾವೆಲ್ಲ ಅವಳನ್ನ ಮೈನಾ ಅಂತೀವಿ," ಎಂದ ದೊಡ್ಡಣ್ಣ. "ಹೋಗಿ ಕ್ಷಮೆ ಕೇಳು."

ಮಾರನೇ ದಿನ ಅವನು ಅವಳು ಪ್ರಕಟಣೆ ಹೇಳುವ ಗಾಜಿನ ಗೂಡಿನ ಮುಂದೆ ಬಂದು ನಿಂತ.

"ನನಗೆ ಗೊತ್ತಿರಲಿಲ್ಲ. ದಯವಿಟ್ಟು..."

"ನಿಮ್ಮ ಕ್ಷಮೆ ಯಾರಿಗೆ ಬೇಕು? ಹೋಗಿ ರೀ!"

ಆ ಮಾತು ಇಡೀ ನಿಲ್ದಾಣದಲ್ಲಿ ಮೊಳಗಿತು! ತಪಾಸಣೆಯ ಸಾಲಿನಲ್ಲಿದ್ದವರು, ಲಗೇಜು ಎತ್ತುತ್ತಿದ್ದವರು, ಮಗುವಿಗೆ ಹಾಲು ಕುಡಿಸುವ ಕೋಣೆಯಿಂದ ಹೊರಬರುತ್ತಿದ್ದ ತಾಯಿ... ಎಲ್ಲರೂ ಕತ್ತೆತ್ತಿ ನೋಡಿದರು.

"ಹೋಗ್ತೀನಿ," ಎಂದ ಅವನು ಮೆಲ್ಲಗೆ. "ಆದ್ರೆ ಮೊದಲು ಆ ಮೈಕ್ ಆರಿಸಿ..."

ಅದೂ ಮೊಳಗಿತು. ಅಲ್ಲೇ ಕೂತಿದ್ದ ಅಜ್ಜಿಯೊಬ್ಬರು, "ಪಾಪ, ಕ್ಷಮಿಸಿಬಿಡಮ್ಮಾ!" ಎಂದು ಕೂಗಿ ಹೇಳಿದರು. ಮೈನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಬೆರಳ ಸಂದಿಯಿಂದ ನಗು ಜಾರಿ ಹೊರಬಿದ್ದೇಬಿಟ್ಟಿತು.

ಆಮೇಲೆ ಮಾತು ಬೆಳೆಯಿತು. ಪಾಳಿ ಮುಗಿದಾಗ ಒಂದು ಕಪ್ ಚಹಾ, ಮೇಲಿನ ಗ್ಯಾಲರಿಯ ಬೆಂಚು. ಅಲ್ಲಿಂದ ರನ್‌ವೇ, ಅದರಾಚೆಗೆ ಕೆಂಪು ಬಾಗಿಲುಗಳ ಅಗ್ನಿಶಾಮಕ ಠಾಣೆ, ಎಲ್ಲವೂ ಕಾಣುತ್ತಿತ್ತು.

ಒಂದು ಭಾನುವಾರ ಅವನು ಮನೆಗೂ ಬಂದ. ಅವಳಮ್ಮನಿಗೆ ಕೇಳುವ ಕಿವಿ ಸಿಕ್ಕರೆ ಸಾಕು! ಗಂಡ ಹೋದ ಮೇಲೆ ನಿಲ್ದಾಣದಲ್ಲಿ ಲಗೇಜು ತೂಗುವ ಕೆಲಸ ಸಿಕ್ಕಿ, ಅಲ್ಲೇ ನಿವೃತ್ತರಾದವರು ಅವರು.

"ಮೊದಲು ಈ ನಿಲ್ದಾಣ ಏನಾಗಿತ್ತು ಅಂದ್ಕೊಂಡಿದ್ದೀಯ? ಯುದ್ಧದ ಕಾಲದಲ್ಲಿ ಸೈನ್ಯದೋರು ಮಾಡಿದ ಮಣ್ಣಿನ ಪಟ್ಟಿ. ವಿಮಾನ ಬರೋ ಸದ್ದು ಕೇಳಿದ್ರೆ ಒಬ್ಬ ಓಡಿಹೋಗಿ ದನ ಅಟ್ಟಬೇಕಿತ್ತಂತೆ! ನಾನು ಸೇರಿದಾಗ ಒಂದು ತಗಡಿನ ಶೆಡ್ಡು, ಎರಡು ಬೆಂಚು, ಒಂದು ತೂಕದ ಯಂತ್ರ. ಪುಟಾಣಿ ವಿಮಾನ ನೋಡು, ಪೆಟ್ಟಿಗೆ ಜೊತೆ ಮನುಷ್ಯರನ್ನೂ ತೂಗ್ತಿದ್ವಿ."

"ಮನುಷ್ಯರನ್ನಾ!"

"ಹೂಂ ಮತ್ತೆ! ದೊಡ್ಡ ದೊಡ್ಡ ಸಾಹುಕಾರರು ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲೋರು. ಉಸಿರು ಬಿಗಿ ಹಿಡಿದ್ರೆ ತೂಕ ಇಳಿಯುತ್ತಾ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲಿಗೆ ಒರಗಿ ನಿಂತಿದ್ದ ಮೈನಾ ಆ ನಗುವನ್ನೇ ನೋಡುತ್ತಿದ್ದಳು. ಈ ಮನೆಯಲ್ಲಿ ಗಂಡಸಿನ ನಗು ಕೇಳಿ ಎಷ್ಟು ಕಾಲವಾಯಿತು... ಮನಸ್ಸು ಬೆಚ್ಚಗಾಯಿತು. ಮರುಕ್ಷಣವೇ ಹೆದರಿತು.

ಅವನು ಕೇಳಿದ್ದು ಆ ಗ್ಯಾಲರಿಯಲ್ಲೇ.

"ನನ್ನನ್ನ ಮದುವೆ ಆಗ್ತೀರಾ?"

ಹೂಂ ಎನ್ನಲು ಅವಳ ಜೀವ ತುದಿಗಾಲಲ್ಲಿ ನಿಂತಿತ್ತು. ಆದರೆ ಬಾಯಿಗೆ ಬಂದದ್ದೇ ಬೇರೆ.

"ಆಗಲ್ಲ. ನಮ್ಮಮ್ಮ ಕಾದ ಹಾಗೆ ಬಾಗಿಲು ನೋಡ್ತಾ ಕಾಯೋಕೆ ನನ್ನಿಂದ ಆಗಲ್ಲ... ನನ್ನನ್ನ ಬಿಟ್ಟುಬಿಡಿ."

ಅವನು ತಲೆಯಾಡಿಸಿ ಮೆಟ್ಟಿಲಿಳಿದು ಹೋದ.

ಆಮೇಲೆ ಅವನು ಗಾಜಿನ ಗೂಡಿನ ಕಡೆ ಸುಳಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಟಿಕೆಟ್ ಕೌಂಟರಿನ ಗೆಳತಿ ಸುದ್ದಿ ತಂದಳು: "ನಿನ್ನ ಬೆಂಕಿ ಹೀರೋ ವರ್ಗ ಕೇಳಿದ್ದಾನಂತೆ ಕಣೇ!"

ಮೈನಾ ಚಹಾದ ಕಪ್ ಪಕ್ಕಕ್ಕೆ ತಳ್ಳಿದಳು. 'ಒಂದು ಸಲ ಬೇಡ ಅಂದಿದ್ದಕ್ಕೆ ಊರೇ ಬಿಟ್ಟು ಹೋಗ್ತಾನಾ? ಇಷ್ಟೇನಾ ಇವನ ಪ್ರೀತಿ?'

ಮನೆಯಲ್ಲಿ ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯಲಿಲ್ಲ. ಅಮ್ಮ ಪಕ್ಕದಲ್ಲಿ ಬಂದು ಕೂತರು.

"ಬೇಡ ಅಂದೋಳು ನೀನು. ಈಗ ಅಳೋಳೂ ನೀನೇನಾ?"

"ನಿನ್ನ ಹಾಗೆ ಬದುಕೋಕೆ ನನಗೆ ಭಯಮ್ಮ..."

"ನನ್ನ ಹಾಗೆ ಅಂದ್ರೆ?" ಅಮ್ಮನ ದನಿ ಗಡುಸಾಯಿತು. "ನಿಮ್ಮಪ್ಪ ಬರದೇ ಇದ್ದ ಆ ಒಂದು ದಿನವನ್ನ ನೀನು ಹಿಡ್ಕೊಂಡು ಕೂತಿದ್ದೀಯ. ನನಗೆ ಅವರು ಬಂದ ದಿನಗಳೆಲ್ಲ ನೆನಪಿವೆ ಪುಟ್ಟಿ. ಬಾಗಿಲಲ್ಲಿ ಚಪ್ಪಲಿ ಬಿಡ್ತಾನೇ ನಿನ್ನನ್ನ ಕರೀತಿದ್ರು. ಅಷ್ಟು ಸಂಜೆಗಳನ್ನ ಕೊಟ್ಟು ಹೋಗಿದ್ದಾರೆ. ಅದನ್ನೆಲ್ಲ ಬೇಡ ಅನ್ನೋಕೆ ನನಗಂತೂ ಬಾಯಿ ಬರಲ್ಲ."

ಮೈನಾ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು.

ಮರುದಿನ ಮಧ್ಯಾಹ್ನ ನಿಯಂತ್ರಣ ಗೋಪುರದಿಂದ ಅವಳಿಗೆ ಫೋನು ಬಂತು. ಇಳಿಯಬೇಕಿದ್ದ ವಿಮಾನದ ಮುಂದಿನ ಚಕ್ರ ಹೊರಬರುತ್ತಿರಲಿಲ್ಲ!

ಇದು ತಾಲೀಮಲ್ಲ.

ಠಾಣೆಯ ಕೆಂಪು ಬಾಗಿಲುಗಳು ಒಮ್ಮೆಲೇ ತೆರೆದುಕೊಂಡವು. ವಾಹನಗಳು ಸೈರನ್ ಹಾಕುತ್ತ ರನ್‌ವೇ ಪಕ್ಕಕ್ಕೆ ಧಾವಿಸಿದವು. ಮುಂದಿನ ವಾಹನದಲ್ಲಿ ಅವನಿದ್ದ. ಅಷ್ಟು ದೂರದಿಂದಲೂ ಅವಳಿಗೆ ಗುರುತು ಸಿಕ್ಕಿತು.

ಹಾಲ್‌ನಲ್ಲಿ ಕಾಯುತ್ತಿದ್ದವರು ಗಾಬರಿಯಿಂದ ಗಾಜಿನ ಗೋಡೆಯತ್ತ ನುಗ್ಗಿದರು. ಒಬ್ಬ ಮುದುಕರು ಅವಳ ಗೂಡಿನ ಮುಂದೆ ಕೈಮುಗಿದು ನಿಂತರು. "ನನ್ನ ಹೆಂಡತಿ ಒಬ್ಬಳೇ ಬರ್ತಿದ್ದಾಳೆ ಮಗಳೇ... ಏನಾಗ್ತಿದೆ ಹೇಳಮ್ಮಾ!"

ಅವಳು ಮೈಕಿನ ಗುಂಡಿ ಒತ್ತಿದಳು.

"ದಯವಿಟ್ಟು ಗಮನಿಸಿ. ವಿಮಾನದ ಮುಂದಿನ ಚಕ್ರದಲ್ಲಿ ತೊಂದರೆ ಕಾಣಿಸಿದೆ. ನಮ್ಮ ಅಗ್ನಿಶಾಮಕ ದಳ ರನ್‌ವೇ ಪಕ್ಕದಲ್ಲೇ ಸಿದ್ಧವಾಗಿದೆ. ಅವರು... ಅವರು ತಮ್ಮ ಜೀವವನ್ನೇ ಒತ್ತೆಯಿಟ್ಟು ನಿಂತಿದ್ದಾರೆ. ನಾವು ಧೈರ್ಯವಾಗಿ ಕಾಯೋಣ. ನಾನೂ ನಿಮ್ಮ ಜೊತೆ ಕಾಯುತ್ತಿದ್ದೇನೆ."

ಕೊನೆಯ ಮಾತು ಯಾರೂ ಅವಳಿಗೆ ಬರೆದು ಕೊಟ್ಟದ್ದಲ್ಲ. ಮುದುಕರು ಅವಳ ಗೂಡಿಗೇ ಒರಗಿ ನಿಂತರು.

ವಿಮಾನ ಹಿಂದಿನ ಚಕ್ರಗಳ ಮೇಲೆ ಇಳಿಯಿತು... ಓಡಿತು... ಮೂತಿ ನಿಧಾನವಾಗಿ ನೆಲಕ್ಕೆ ತಾಗಿ ಕಿಡಿ ಚಿಮ್ಮಿತು! ಹೊಗೆ ಎದ್ದಿತು. ವಾಹನಗಳಿಂದ ಬೆಂಕಿ ಆರಿಸುವ ನೊರೆ ಸುರಿಯಿತು. ಹೊಗೆಯೊಳಕ್ಕೆ ನುಗ್ಗಿದವರಲ್ಲಿ ಅವನೂ ಮಾಯವಾದ.

ಅವಳು ಕಣ್ಣು ಮುಚ್ಚಲಿಲ್ಲ. ಜಾರುಬಂಡೆಯಂಥ ತುರ್ತು ದಾರಿಯಲ್ಲಿ ಒಬ್ಬೊಬ್ಬರಾಗಿ ಇಳಿದವರನ್ನು ನೋಡಿದಳು. ಕೊನೆಗೆ ಒಬ್ಬ ವೃದ್ಧೆಯ ಕೈ ಹಿಡಿದುಕೊಂಡು, ಮೈಯೆಲ್ಲ ನೊರೆಯಾಗಿ, ಅವನು ಹೊರಬಂದ.

"ಎಲ್ಲರೂ ಕ್ಷೇಮ!" ಎಂದು ಹೇಳುವಾಗ ನಿಲ್ದಾಣದ ದನಿ ಒಡೆದುಹೋಯಿತು.

ಪಾಳಿ ಮುಗಿದದ್ದೇ ಅವಳು ಠಾಣೆಯತ್ತ ಓಡಿದಳು. ಅವನು ಅಂಗಳದಲ್ಲಿ ಬೂಟು ತೊಳೆಯುತ್ತಿದ್ದ. ಅವಳನ್ನು ಕಂಡದ್ದೇ ದೊಡ್ಡಣ್ಣನಿಗೆ ಒಳಗೆ ಏನೋ ತುರ್ತು ಕೆಲಸ ನೆನಪಾಯಿತು.

"ಊರು ಬಿಟ್ಟು ಹೋಗ್ತಿದ್ದೀರಂತೆ?" ಅವಳಿಗೆ ಇನ್ನೂ ಏದುಸಿರು.

"ಯಾರು ಹೇಳಿದ್ರು? ವರ್ಗ ಕೇಳಿದ್ದು ಎದುರಿನ ಕಟ್ಟಡಕ್ಕೆ. ಪ್ರವೇಶದ ಪಾಸ್ ಬರೆದುಕೊಡೋ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇತ್ತು." ಅವನು ತಲೆ ತಗ್ಗಿಸಿದ. "ಅಲ್ಲಿ ಬೆಂಕಿ ಇರಲ್ಲ. ಆಗಲಾದ್ರೂ ನೀವು..."

ಅವಳ ಕಣ್ಣು ತುಂಬಿ ಬಂತು. ಬಿಟ್ಟು ಹೋಗುತ್ತಿದ್ದಾನೆ ಎಂದುಕೊಂಡಿದ್ದಳು. ಅವಳಿಗಾಗಿ ತನ್ನ ಪ್ರಾಣದಂಥ ಕೆಲಸವನ್ನೇ ಬಿಡಲು ಹೊರಟಿದ್ದ!

"ಬೇಡ. ಹೋಗಬೇಡಿ."

"ಭಯ ಆಗಲ್ವಾ?"

"ಆಗುತ್ತೆ. ಇವತ್ತೂ ಜೀವ ಬಾಯಿಗೆ ಬಂದಿತ್ತು." ಅವಳು ಒದ್ದೆ ಅಂಗಳ ದಾಟಿ ಹತ್ತಿರ ಬಂದು ಅವನ ತಣ್ಣಗಿನ ಕೈ ಹಿಡಿದುಕೊಂಡಳು. "ಆದ್ರೂ ಕಾದೆ. ಕಾಯೋಕೆ ನನ್ನಿಂದ ಆಗುತ್ತೆ ಅಂತ ಇವತ್ತೇ ಗೊತ್ತಾಯ್ತು."

ಅವನು ಅವಳ ಕೈ ಬಿಡಲಿಲ್ಲ. "ಹಾಗಾದ್ರೆ... ಇದು ಹೂಂ ಅಂತ ತಗೊಳ್ಳಲಾ?"

"ಇನ್ನೂ ಬಿಡಿಸಿ ಹೇಳಬೇಕಾ? ಬೇಗ ಬಟ್ಟೆ ಬದಲಾಯಿಸ್ಕೊಂಡು ಬನ್ನಿ. ಅಮ್ಮ ಇಬ್ಬರಿಗೂ ಅಡುಗೆ ಮಾಡಿಟ್ಟು ದಾರಿ ನೋಡ್ತಿದ್ದಾರೆ."

"ನಾನು ಬರ್ತೀನಿ ಅಂತ ಅವರಿಗೆ ಹೇಗೆ ಗೊತ್ತು?"

ಅವಳು ನಾಚಿ ನಕ್ಕಳು.

"ಫೋನ್ ಮಾಡಿ ಹೇಳಿದೆ... ನಿನ್ನ ಅಳಿಯನ್ನ ಕರ್ಕೊಂಡು ಬರ್ತಿದ್ದೀನಿ ಅಂತ."